ಮಸ್ಕತ್ತಿನಲ್ಲಿ ಭಾವನ ಗಜಸೇನೆ

ನಮ್ಮ ಭಾವನಿಗೆ ತಲೆ ಕೆಟ್ಟಿದೆ ಎಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ತಲೆ ಚೆನ್ನಾಗಿಯೇ ಇದೆ. ಅದರೊಳಗೆ ಆನೆಗಳು ನುಗ್ಗಿವೆ, ಅಷ್ಟೇ! ಅದೂ ದಸರೆಯ ಸಾಧು ಆನೆಗಳಲ್ಲ. ದಂತಕ್ಕೆ ಕತ್ತಿ ಕಟ್ಟಿಸಿಕೊಂಡು, ಬೆನ್ನ ಮೇಲೆ ಬಿಲ್ಲುಗಾರರನ್ನು ಹೊತ್ತು ಬರುವ ಹಳೇ ಕಾಲದ ಯುದ್ಧದಾನೆಗಳು. ಒಂಟೆ ಬಿಟ್ಟರೆ ಮೇಕೆ ಕಾಣುವ ಒಮಾನಿನಲ್ಲಿ, ಏಸಿ ಕಂಪನಿಯ ಎಂಜಿನಿಯರಾದ ಈ ಮೈಸೂರಿನವರಿಗೆ ಅವು ಎಲ್ಲಿ ಗಂಟುಬಿದ್ದವೋ!

ಅವರ ಜೊತೆ ಒಮ್ಮೆ ನೀವು ಅಲ್ ಮವಾಲೇಹ್ ತರಕಾರಿ ಮಾರುಕಟ್ಟೆಗೆ ಹೋಗಬೇಕು. ತಳ್ಳುಗಾಡಿಯನ್ನು ಜನರ ನಡುವೆ ಸೀದಾ ನುಗ್ಗಿಸುತ್ತಾರೆ. "ಆನೆ ಮುಂದೆ, ಕಾಲಾಳು ಹಿಂದೆ! ಆನೆ ವಾಸನೆಗೇ ಶತ್ರು ಕುದುರೆಗಳು ಬೆದರಿ ಓಡ್ತಿದ್ವು, ಗೊತ್ತೇನಯ್ಯ?" ಕಾಲಾಳು ಅಂದರೆ ಈರುಳ್ಳಿ ಚೀಲ ಹೊತ್ತ ನಾನು. ಒಂದು ಸಲ ಟೊಮೆಟೊ ಪೆಟ್ಟಿಗೆಗಳ ಸಾಲಿಗೇ ನುಗ್ಗಿದರು. ನಮ್ಮಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಈಗ ಯಾರು ಗೆದ್ರು ರೀ?"

"ಯುದ್ಧ ಅಂದ್ಮೇಲೆ ನಷ್ಟ ಇದ್ದದ್ದೇ ಕಣೇ!"

ಆ ವಾರವೆಲ್ಲ ನಮಗೆ ಟೊಮೆಟೊ ಗೊಜ್ಜು.

ಇಂಥವರಿಗೆ ಕನ್ನಡ ಸಂಘದವರು ಈ ರಾಜ್ಯೋತ್ಸವಕ್ಕೆ ನಾಟಕ ಆಡಿಸಲು ವೇದಿಕೆ ಕೊಟ್ಟುಬಿಟ್ಟರು! ವರ್ಷಗಟ್ಟಲೆ ಬೇಡಿದ ಮೇಲೆ ಸಿಕ್ಕ ಅವಕಾಶ. "ಏನಾದ್ರೂ ಎಡವಟ್ಟಾದ್ರೆ ಇನ್ಮೇಲೆ ನಿಮಗೆ ಸ್ಟೇಜ್ ಇಲ್ಲ ಸಾರ್" ಎಂದು ಕಾರ್ಯದರ್ಶಿ ಎಚ್ಚರಿಸಿದ್ದರು. ಭಾವನಿಗೆ ಅದೆಲ್ಲ ಕೇಳಿಸುವ ಸ್ಥಿತಿಯೇ? ಏಸಿ ಪೈಪಿಗೆ ಸುತ್ತುವ ಬೂದು ಫೋಮು ಆನೆಯ ಚರ್ಮವಾಯಿತು, ಗಾಳಿಯ ಕೊಳವೆ ಸೊಂಡಿಲಾಯಿತು. ಮುಂಗಾಲು ಅವರ ಹಳೆಯ ಗೆಳೆಯ, ಇಬ್ರಾ ಪಟ್ಟಣದಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಮಂಗಳೂರಿನ ಹಮೀದ್. ಹಿಂಗಾಲು ನಾನು.

"ನನಗೆ ಡೈಲಾಗೇ ಇಲ್ವಾ ಭಾವ?"

"ಬಾಲ ಇದೆಯಲ್ಲಯ್ಯ!"

ಯುದ್ಧದಾನೆಗೆ ಒಂದು ದೋಷವಂತೆ: ಬೆದರಿದರೆ ತಿರುಗಿ ತನ್ನ ಸೈನ್ಯವನ್ನೇ ತುಳಿಯುತ್ತದೆ. ಅದಕ್ಕೇ ಕೆಲವು ಸೇನೆಗಳಲ್ಲಿ ಮಾವುತನ ಕೈಗೆ ಉಳಿ, ಸುತ್ತಿಗೆ ಕೊಟ್ಟಿರುತ್ತಿದ್ದರು. ಕತ್ತಿನ ಹಿಂದೆ ಒಂದೇ ಪೆಟ್ಟು! ನಾಟಕದ ಕೊನೆಯೂ ಅದೇ, ಮಾವುತ ಸಾಕ್ಷಾತ್ ಭಾವ. "ಪೆಟ್ಟು ಬಿದ್ದ ತಕ್ಷಣ ನೀವು ಬೀಳಬೇಕು, ಹಾಲ್ ಪೂರ್ತಿ ಅಳಬೇಕು!" ಎಂದು ಅಭ್ಯಾಸದಲ್ಲಿ ಕುಣಿದಾಡುತ್ತಿದ್ದರು. ಒಳಗಿನಿಂದ ಹಮೀದ್ ಕೂಗುತ್ತಿದ್ದರು: "ಯಲ್ಲಾ, ಬೇಗ ಕೊಲ್ಲಿ ಮಾರಾಯ್ರೆ! ಇಲ್ಲದಿದ್ರೆ ಸೆಕೆಯಲ್ಲೇ ನಾನು ಖಲಾಸ್!"

ರಾಜ್ಯೋತ್ಸವದ ದಿನ ನಗಾರಿ ಮೊಳಗಿತು ನೋಡಿ, ನಮ್ಮ ಆನೆಗೆ ಆವೇಶವೇ ಬಂತು! ಸೊಂಡಿಲು ಮೈಕ್ ಕೆಡವಿತು. ರಟ್ಟಿನ ಕವಚ ತೊಟ್ಟ ಸೈನಿಕ ಮಕ್ಕಳು "ಅಂಕಲ್, ಸ್ಟಾಪ್!" ಎನ್ನುತ್ತ ನಿಜವಾಗಿಯೇ ಓಡಿದರು. ಜನ ಎದ್ದು ನಿಂತು ಚಪ್ಪಾಳೆ! ಭಾವ ಉಳಿಯನ್ನು ನಮ್ಮ ಕತ್ತಿಗೆ ಇಟ್ಟರು, ಸುತ್ತಿಗೆ ಎತ್ತಿದರು. ಬೀಳಲು ನಾವು ಸಿದ್ಧರಾದೆವು.

ಪೆಟ್ಟು ಬೀಳಲಿಲ್ಲ.

"ಹೊಡೀರಿ ಮಾರಾಯ್ರೆ" ಎಂದು ಹಮೀದ್ ಪಿಸುಗುಟ್ಟಿದರು. "ಹೊಡೀರಿ ಸಾರ್, ಮಾನ ಹೋಗುತ್ತೆ!" ಎಂದರು ಪರದೆಯ ಪಕ್ಕದಿಂದ ಕಾರ್ಯದರ್ಶಿ. ಇಷ್ಟು ವರ್ಷ ಕಾದಿದ್ದ ವೇದಿಕೆ ಕೈತಪ್ಪುತ್ತಿದೆಯಲ್ಲ ಎಂದು ಒಳಗೆ ನನಗೆ ಸಂಕಟ. ಅಷ್ಟರಲ್ಲಿ ಸುತ್ತಿಗೆ ದಡ್ ಎಂದು ನೆಲಕ್ಕೆ ಬಿತ್ತು. ಎರಡು ಕೈಗಳು ಫೋಮಿನ ಕತ್ತನ್ನು ತಬ್ಬಿಕೊಂಡವು.

"ಹೆದರಬೇಡ ಕಂದ" ಎಂದರು ಭಾವ. ಅದು ನಾಟಕದ ಮಾತಲ್ಲ, ದನಿ ಒಡೆದಿತ್ತು. "ನಿಂದೇನೂ ತಪ್ಪಿಲ್ಲ. ಯುದ್ಧಕ್ಕೆ ಕರ್ಕೊಂಡು ಬಂದೋರು ನಾವು ತಾನೇ? ಬಾ, ಮನೆಗೆ ಹೋಗೋಣ."

ಸೊಂಡಿಲು ಹಿಡಿದು ಮೆಲ್ಲಗೆ ನಡೆಸಿಕೊಂಡು ಹೊರಟರು. ಆ ಮನುಷ್ಯರ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ. ಒಳಗಿನ ಕತ್ತಲಲ್ಲಿ ಮುಂಗಾಲು ಬಿಕ್ಕುವುದು ಹಿಂಗಾಲಿಗೆ ಕೇಳಿಸುತ್ತಿತ್ತು. ಇಬ್ಬರೂ ಅಳುತ್ತ, ಹೆಜ್ಜೆ ತಪ್ಪದಂತೆ, ಅವರು ಕರೆದತ್ತ ನಡೆದೆವು.