ಜಾಕಿಯ ಮೆಷಿನ್ನಿಗೆ ಅತ್ತೆ ಊದಿದ್ದು

ಕುಡಿತದ ವಿಷಯದಲ್ಲಿ ನನ್ನಷ್ಟು ಶಿಸ್ತಿನ ಅಳಿಯ ಸಕಲೇಶಪುರ ತಾಲ್ಲೂಕಿನಲ್ಲೇ ಇನ್ನೊಬ್ಬನಿಲ್ಲ ಎಂದು ನಾನು ಬಹಳ ದಿನಗಳಿಂದ ನಂಬಿಕೊಂಡಿದ್ದೆ. ನನ್ನ ಕೆಲಸವೇ ಹಾಗೆ. ನಾನು ರೇಸ್ ಕುದುರೆ ಓಡಿಸುವ ಜಾಕಿ. ರೇಸಿನ ದಿನ ಕುದುರೆ ಹತ್ತುವ ಮೊದಲು ನಾವು ಒಂದು ಮೆಷಿನ್ನಿಗೆ ಊದಬೇಕು. ಕಾರು ಓಡಿಸುವವನಿಗೆ ಪೊಲೀಸರು ಮಾಫಿ ಮಾಡುವಷ್ಟು ಮದ್ಯದ ಅಂಶವೂ ನಮ್ಮ ಉಸಿರಿನಲ್ಲಿ ಇರಕೂಡದು. ಇದ್ದರೆ ಆ ದಿನದ ಸವಾರಿ ಹೋಯಿತು, ಕುದುರೆಗೆ ಬೇರೆ ಜಾಕಿ. ಊದಿದ ಮೇಲೆ ಜೀನು ಹಿಡಿದು ತಕ್ಕಡಿ ಹತ್ತಬೇಕು. ಗೊತ್ತು ಮಾಡಿದ ತೂಕಕ್ಕಿಂತ ಹೆಚ್ಚಾದರೂ ಅದೇ ಗತಿ.

ಆ ಭಾನುವಾರ ಮೈಸೂರಿನ ರೇಸಿಗೆ ನನಗೊಂದು ಒಳ್ಳೆಯ ಹೆಣ್ಣು ಕುದುರೆ ಸಿಕ್ಕಿತ್ತು. ಇಡೀ ಸೀಸನ್ನಿನಲ್ಲಿ, ಹಿಂದಿನಿಂದ ಎಣಿಸಿದರೆ ಮಾತ್ರ ಮೊದಲು ಬರುವಂಥ ಕುದುರೆಗಳನ್ನೇ ಓಡಿಸಿದ್ದವನು ನಾನು. ಇದೊಂದು ಗೆದ್ದರೆ ನನ್ನ ದೆಸೆ ತಿರುಗುತ್ತದೆ ಎಂದು ಆಸೆಯಿಂದ ಕಾದಿದ್ದೆ. ಹಿಂದಿನ ದಿನ ಯಸಳೂರಿನಲ್ಲಿ ನನ್ನ ಬಾಮೈದ ಗಿರೀಶನ ನಿಶ್ಚಿತಾರ್ಥ. ಅತ್ತೆ ಮನೆಯಲ್ಲೇ ಉಳಿದು ಬೆಳಿಗ್ಗೆ ಮೈಸೂರಿಗೆ ಹೊರಡುವುದೆಂದು ಹೆಂಡತಿ ಸುಮಾ ತೀರ್ಮಾನಿಸಿದ್ದಳು.

ಬೆಳಿಗ್ಗೆ ಜಗಲಿಯಲ್ಲಿ ಕೂತು, ಅಭ್ಯಾಸಕ್ಕೆಂದು ನಾನೇ ಕೊಂಡಿದ್ದ ಪುಟ್ಟ ಮೆಷಿನ್ನನ್ನು ಹೊರತೆಗೆದೆ. ಸುತ್ತಲೂ ನೆಂಟರಿದ್ದರು. ಅದೇ ತಪ್ಪಾಯಿತು.

"ಏನ್ ಭಾವ ಅದು, ಪೀಪಿನಾ?" ಎಂದ ಗಿರೀಶ.

ಜಾಕಿಗಳ ಶಿಸ್ತಿನ ಬಗ್ಗೆ ನಾನು ಒಂದು ಭಾಷಣವನ್ನೇ ಮಾಡಿದೆ. ಊದಿ ತೋರಿಸಿದೆ, ಸೊನ್ನೆ ಬಂತು. ಗಿರೀಶ ಊದಿದ, ಅವನದೂ ಸೊನ್ನೆ. ಅಲ್ಲಿಗೆ ಅದನ್ನು ಜೇಬಿಗೆ ಹಾಕಿಕೊಂಡಿದ್ದರೆ ಇದನ್ನೆಲ್ಲ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಬಂದರು.

"ಬನ್ನಿ ಅತ್ತೆ, ನೀವೂ ಊದಿ" ಎಂದೆ.

ಅತ್ತೆ ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಊದಿದರು. ಮೆಷಿನ್ನು ಕೆಂಪು ದೀಪ ಹೊತ್ತಿಸಿಕೊಂಡು ಕೀಂಯ್ ಎಂದು ಕೂಗತೊಡಗಿತು.

ಅತ್ತೆ ಎಂದರೆ ಮಿಂದು, ಲಿಂಗಪೂಜೆ ಮಾಡಿ, ವಿಭೂತಿ ಇಟ್ಟುಕೊಂಡ ಮೇಲೆಯೇ ಕಾಫಿ ಮುಟ್ಟುವವರು. ನೆಂಟರೆಲ್ಲ ಕಾಫಿ ಲೋಟ ಕೆಳಗಿಟ್ಟು ಅತ್ತೆಯ ಕಡೆ ತಿರುಗಿದರು. ನನ್ನ ನಾಲಿಗೆಗೆ ಮಾತ್ರ ಲಗಾಮಿಲ್ಲ. "ಅತ್ತೆ, ನಿಯಮದ ಪ್ರಕಾರ ಇವತ್ತು ನೀವು ಕುದುರೆ ಹತ್ತಂಗಿಲ್ಲ" ಎಂದುಬಿಟ್ಟೆ.

ಯಾರೂ ನಗಲಿಲ್ಲ.

"ಅಂದ್ರೆ ಏನಂತೀರಾ ಅಳಿಯಂದ್ರೇ? ನಾನು ಕುಡ್ದಿವ್ನಿ ಅಂತಾನಾ?" ಅತ್ತೆಯ ದನಿ ಬಹಳ ಮೆಲ್ಲಗಿತ್ತು. ಅವರು ಮೆಲ್ಲಗೆ ಮಾತಾಡಿದರೆ ಸಿಟ್ಟು ನೆತ್ತಿಗೇರಿದೆ ಎಂದೇ ಅರ್ಥ.

"ರೀ, ಮೆಷಿನ್ ಕೆಟ್ಟೈತೆ ಅನ್ನಿ" ಎಂದು ಸುಮಾ ನನ್ನ ಕಿವಿಯಲ್ಲಿ ಹಲ್ಲು ಕಡಿದಳು.

"ಇದು ಕೆಡೋ ಮೆಷಿನ್ನೇ ಅಲ್ಲ" ಎಂದೆ. ವೃತ್ತಿಧರ್ಮ ನೋಡಿ.

ಗಿರೀಶನಿಗೆ ನನಗಿಂತ ಬುದ್ಧಿಯಿತ್ತು. "ಅವ್ವ, ಈಗ ಒಳ್ಗೆ ಏನ್ ತಿಂದೆ?" ಎಂದು ಕೇಳಿದ.

"ನೆಂಟ್ರಿಗೆ ಕೊಡಾನ ಅಂತ ಜೇನ್ ನೆಲ್ಲಿಕಾಯಿ ರುಚಿ ನೋಡ್ದೆ ಕಣೋ, ಅಷ್ಟೇಯ."

ಅವನು ಭರಣಿ ತಂದು ಮುಚ್ಚಳ ತೆಗೆದ. ಭರಣಿ ಬುಸ್ಸೆಂದಿತು. ಜೇನುತುಪ್ಪದಲ್ಲಿ ನೆನೆಹಾಕಿದ್ದ ನೆಲ್ಲಿಕಾಯಿ, ನಮ್ಮ ಕಡೆಯ ತೇವದ ಹವೆಗೆ ನೀರೊಡೆದು, ನೊರೆಯೆದ್ದು, ಹೆಂಡವಾಗುವ ದಾರಿಯಲ್ಲಿ ಅರ್ಧ ಹೋಗಿತ್ತು. ನೆಂಟರೆಲ್ಲ ನಕ್ಕರು. ಅತ್ತೆ ನಗಲಿಲ್ಲ.

"ಹಂಗಾದ್ರೆ ನೀವೂ ತಿಂದು ಊದಿ. ನೋಡಾನ."

ತಿನ್ನದಿದ್ದರೆ ಅತ್ತೆ ಕುಡಿದಿದ್ದರೆಂದು ಸಭೆಯಲ್ಲಿ ಸಾರಿದಂತೆ. ದೊಡ್ಡದೊಂದು ನೆಲ್ಲಿಕಾಯಿ ತಿಂದು ಊದಿದೆ. ನನ್ನ ಅಂಕಿ ಅತ್ತೆಯದಕ್ಕಿಂತ ಮೇಲೆ ಹೋಯಿತು!

"ಅಳಿಯಂದ್ರು ನನಗಿಂತ ಜೋರಾಗವ್ರೆ" ಎಂದು ಅತ್ತೆಯ ಮುಖ ಅರಳಿತು. ಒಳಗೆ ಹೋಗಿ ತಟ್ಟೆ ತುಂಬ ಬಿಸಿ ಕಡುಬು ತಂದು, ಮೇಲೆ ತುಪ್ಪ ಸುರಿದರು. ರೇಸಿನ ದಿನ ನನ್ನ ತಿಂಡಿ ಅರ್ಧ ಬಾಳೆಹಣ್ಣು. ಆದರೆ ಈಗ ಬೇಡ ಅಂದರೆ ಮುನಿಸು ಮತ್ತೆ ಮೊದಲಿಂದ ಶುರುವಾಗುತ್ತದೆ. ತಿಂದೆ. ಮತ್ತೆ ಬಡಿಸಿದರು, ಅದನ್ನೂ ತಿಂದೆ.

ಊದಿ ಸಿಕ್ಕಿಬಿದ್ದವನ ಕೈಗೆ ಕಾರು ಕೊಡುವುದಿಲ್ಲವೆಂದು ಸುಮಾಳೇ ಓಡಿಸಿದಳು. ಬಾಯಲ್ಲಷ್ಟೇ ಇರುವ ಅಂಶ ಸ್ವಲ್ಪ ಹೊತ್ತಿಗೆಲ್ಲ ಹೋಗುತ್ತದೆ ಎಂದು ನಮಗೆ ಪಾಠ ಹೇಳಿರುತ್ತಾರೆ. ಹೆದರಿದವನಿಗೆ ಪಾಠ ನೆನಪಾಗುತ್ತದೆಯೇ? ಸಕಲೇಶಪುರ ಬರುವಷ್ಟರಲ್ಲಿ ಮನೆಯಿಂದ ತಂದ ನೀರು ಮುಗಿಯಿತು. ಅಲ್ಲಿ ಬಾಟಲಿ ಕೊಂಡೆ. ಆಲೂರಿನ ಹತ್ತಿರ ಎಳನೀರು ಕುಡಿದೆ. ಹಾಸನದಲ್ಲಿ ಮತ್ತೆ ಬಾಟಲಿ. ನಡುನಡುವೆ ನನ್ನ ಮೆಷಿನ್ನಿಗೆ ಊದಿ ನೋಡುತ್ತಲೇ ಇದ್ದೆ.

"ರೀ, ಆಗ್ಲೇ ಸೊನ್ನೆ ಬಂದೈತಲ್ಲ, ಸಾಕು ಬಿಡಿ."

"ಮೆಷಿನ್ ಕೆಟ್ಟಿರಬೋದು ಕಣೆ. ಒಳಗೆಲ್ಲ ಚೆನ್ನಾಗಿ ತೊಳೀಬೇಕು" ಎಂದು ಇನ್ನೊಂದು ಬಾಟಲಿ ಎತ್ತಿದೆ.

ಮೈಸೂರಿನಲ್ಲಿ ಅಧಿಕಾರಿಗಳ ಮುಂದೆ ಎದೆಯುಬ್ಬಿಸಿ ಊದಿದೆ. ಸೊನ್ನೆ. ರೇಸು ಗೆದ್ದವನಂತೆ ಸುತ್ತಲೂ ನೋಡಿ, ಜೀನು ಹಿಡಿದು ತಕ್ಕಡಿ ಹತ್ತಿದೆ. ಮುಳ್ಳು ನನ್ನ ತೂಕ ದಾಟಿ, ಕಡುಬು ದಾಟಿ, ಎಳನೀರು ದಾಟಿ ನಿಂತಿತು. ಶೌಚಾಲಯಕ್ಕೆ ಓಡಿ ಬಂದು ಮತ್ತೆ ಹತ್ತಿದೆ. ಆಗಲೂ ಹೆಚ್ಚು. ಕುದುರೆಯ ಟ್ರೈನರು ನನ್ನ ಹೊಟ್ಟೆಯನ್ನೇ ಒಂದು ಗಳಿಗೆ ನೋಡಿ, "ಇಳಿಯಪ್ಪ ಸಾಕು" ಎಂದು ಬೇರೆ ಜಾಕಿಯನ್ನು ಕರೆದರು.

ಕುದುರೆ ಗೆದ್ದಿತು. ನಾನದನ್ನು ನೋಡಲಿಲ್ಲ. ಆಗ ಶೌಚಾಲಯದಲ್ಲಿದ್ದೆ, ಜನರ ಕೂಗು ಮಾತ್ರ ಕೇಳಿತು. ನಿಜ ಹೇಳುತ್ತೇನೆ, ಅಲ್ಲೇ ನಿಂತು ಅತ್ತುಬಿಟ್ಟೆ.

ಹೊರಗೆ ಬರುವುದಕ್ಕೂ ಅತ್ತೆಯ ಫೋನು ಬರುವುದಕ್ಕೂ ಸರಿಹೋಯಿತು.

"ಊದಿದ್ರಾ ಅಳಿಯಂದ್ರೇ?"

"ಊದಿದೆ ಅತ್ತೆ. ಸೊನ್ನೆ ಬಂತು."

"ಮತ್ತೆ ಕುದ್ರೆ?"

"ಗೆಲ್ತು."

"ನಮ್ ಅಳಿಯಂದ್ರು ಗೆದ್ಬುಟ್ರಂತೆ ಕಣ್ರೋ!" ಎಂದು ಅತ್ತೆ ಆ ಕಡೆ ನೆಂಟರಿಗೆಲ್ಲ ಕೂಗಿ ಹೇಳಿದರು. ಜಗಲಿಯಲ್ಲಿ ಚಪ್ಪಾಳೆ ಕೇಳಿತು. ನಿಜ ಹೇಳೋಣವೆಂದು ಬಾಯಿ ತೆರೆದೆ. ಸುಮಾ ಫೋನು ಕಿತ್ತುಕೊಂಡಳು.

"ಸುಮ್ನಿರಿ. ನೀವು ಬಾಯಿ ಬಿಟ್ಟಿದ್ದಕ್ಕೇ ಇಷ್ಟೆಲ್ಲ ಆಗಿದ್ದು."

ಗೆದ್ದ ಜಾಕಿ ಸುಮ್ಮನಾದ. ಅವನಿಗೆ ಮತ್ತೆ ಅವಸರವಾಗಿತ್ತು.