ಟಿವಿಯ ಮೂಲೆಯಲ್ಲೊಂದು ಉಂಗುರ

ನಮ್ಮ ಮನೆಯ ಓಎಲ್‌ಇಡಿ ಟಿವಿಯಲ್ಲಿ ಮೂಡುವ ಚಿತ್ರಗಳಿಗಿಂತ, ಮೂಡಿದ್ದು ಅಲ್ಲೇ ಉಳಿದುಬಿಟ್ಟೀತೆಂಬ ಭಯವೇ ಹೆಚ್ಚು ಮನರಂಜನೆ ಕೊಟ್ಟಿದೆ.

೧. ಅಲುಗದ ಅತ್ತೆ

ಟಿವಿ ತಂದವನು ನಾನು, ವಿಡಿಯೊ ಗೇಮ್ ಆಡಲೆಂದು. ಒಂದೇ ಚಿತ್ರ ಬಹಳ ಹೊತ್ತು ಒಂದೇ ಕಡೆ ನಿಂತರೆ ಪರದೆಯ ಮೇಲೆ ಅದರ ನೆರಳು ಉಳಿಯುತ್ತದೆ, ಅದಕ್ಕೆ ವಾರಂಟಿ ಇಲ್ಲ ಎಂದು ಮೊದಲ ದಿನವೇ ಮನೆಯವರಿಗೆ ವಿವರಿಸಿದೆ. ಸಂಜೆ ಅಮ್ಮನ ತಮಿಳು ಸೀರಿಯಲ್‌ನಲ್ಲಿ ಸೊಸೆ ಏನೋ ಅಂದಳು. ಅತ್ತೆಯ ಮುಖ ಪರದೆ ತುಂಬ ಬಂದು ನಿಂತಿತು. ಸಂಗೀತ ಬದಲಾಯಿತು, ಮುಖ ಬದಲಾಗಲಿಲ್ಲ. ಅಮ್ಮ ಗಾಬರಿಯಿಂದ ರಿಮೋಟ್ ಹುಡುಕಿದರು.

"ಬೇಗ ಬದ್ಲಾಯ್ಸೋ. ಈವಮ್ಮ ಇಲ್ಲೇ ಉಳ್ಕಂಬುಟ್ರೆ? ಒಬ್ರು ಅತ್ತೇನ ನೋಡ್ಕಂಡಿದ್ದೇ ಸಾಕಾಗೈತೆ."

೨. ಶಿಫ್ಟ್ ಮುಗಿದ ಮೇಲೆ

ರಿಮೋಟಿನಲ್ಲಿ ಆಫ್ ಮಾಡಿದ ಮೇಲೆ ಟಿವಿ ಇಂಥ ನೆರಳು ಉಳಿಯದಂತೆ ತನ್ನ ಪರದೆಯನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಆದ್ದರಿಂದ ಗೋಡೆಯ ಸ್ವಿಚ್ ಆರಿಸಬೇಡಿ ಎಂದು ಅಪ್ಪನಿಗೆ ಹೇಳಿದೆ. ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್ ಆಗಿ ನಿವೃತ್ತರಾದವರು ಅವರು. ಪೂರ್ತಿ ಕೇಳಿಸಿಕೊಂಡರು.

"ಶಿಫ್ಟ್ ಮುಗಿದ್ಮೇಲೂ ಕೆಲ್ಸ ಮಾಡೋರ್ನ ನಾನು ಫ್ಯಾಕ್ಟ್ರೀಲೇ ನೋಡ್ಲಿಲ್ಲ ಕಣ್ಲಾ," ಎಂದು ಸ್ವಿಚ್ ಆರಿಸಿ ಮಲಗಲು ಹೋದರು. ಅಂದಿನಿಂದ ಅದೇ ರೂಢಿಯಾಯಿತು.

೩. ಉಂಗುರ

ಪರಿಣಾಮ ನಿರೀಕ್ಷಿತ. ನನ್ನ ಗೇಮ್‌ನಲ್ಲಿ ದಾರಿ ತೋರಿಸುವ ದುಂಡು ಮ್ಯಾಪ್ ಸದಾ ಎಡಗಡೆಯ ಕೆಳಮೂಲೆಯಲ್ಲಿರುತ್ತದೆ. ಅದು ಪರದೆಯ ಮೇಲೆ ಮಸುಕಾದ ಉಂಗುರವಾಗಿ ಉಳಿಯಿತು.

ಅದೇ ವಾರ ಕೆಲಮಂಗಲದಿಂದ, ನನಗೆ ಗೊತ್ತುಮಾಡುತ್ತಿದ್ದ ಹೆಣ್ಣಿನ ತಂದೆ ನಮ್ಮ ಮನೆ ನೋಡಲು ಬಂದರು. ಗುಲಾಬಿ ಬೆಳೆಯುವವರು. ಹಿಂದಿನ ಸಂಬಂಧ ನನ್ನ ಗೇಮ್ ಹುಚ್ಚಿನಿಂದಲೇ ಮುರಿದಿತ್ತು. ಹಾಗಾಗಿ ಈ ಸಲ ಅಮ್ಮ, ಹುಡುಗ ಅಂಥದ್ದನ್ನು ಮುಟ್ಟುವುದೇ ಇಲ್ಲ ಎಂದು ಮೊದಲೇ ಹೇಳಿ ಕಳಿಸಿದ್ದರು.

ಹೆಣ್ಣಿನ ತಂದೆ ಕಾಫಿ ಕುಡಿಯುತ್ತ ಟಿವಿಯ ಮೂಲೆಯನ್ನೇ ದಿಟ್ಟಿಸಿದರು. ಅದು ಚಾನೆಲಿನ ಗುರುತು ಎಂದು ಅಮ್ಮ ತಾವಾಗಿಯೇ ಹೇಳಿದರು. ಬಂದವರು ರಿಮೋಟ್ ಕೈಗೆತ್ತಿಕೊಂಡು ಚಾನೆಲ್ ಬದಲಾಯಿಸಿದರು. ತಮಿಳು, ತೆಲುಗು, ಕನ್ನಡ. ಉಂಗುರ ಮೂರು ಭಾಷೆಯಲ್ಲೂ ಅಲ್ಲೇ ಇತ್ತು. ಅಮ್ಮ ಇನ್ನಷ್ಟು ಕಾಫಿ ತರುವ ನೆಪದಲ್ಲಿ ಎದ್ದರು.

"ಕೂತ್ಕಳ್ರಮ್ಮಾ. ಇದು ಚಾನೆಲ್ದಲ್ಲ, ಕಂಪ್ನಿ ಮುದ್ರೆ. ನಮ್ಮನೆ ಟಿವೀಲೂ ಇದೇ ಮೂಲೇಲಿ ಐತೆ. ಒರಿಜಿನಲ್‌ಗೆ ಮಾತ್ರ ಇರ್ತದಂತೆ. ನಮ್ಮುಡುಗೀನೇ ಹೇಳಿದ್ಲು."

ನಾನು ಹುಡುಗಿಯನ್ನು ಇನ್ನೂ ನೋಡಿರಲಿಲ್ಲ. ಒಪ್ಪಿಗೆ ಅಂದೆ.