ದೋಹಾದ ಫೆರ್ನಾಂಡಿಸರೆಲ್ಲ ನಮ್ಮ ಮಾಮನ ನೆಂಟರು

ದೋಹಾದಲ್ಲಿ ಅತಿ ಹೆಚ್ಚು ನೆಂಟರಿದ್ದ ಮನುಷ್ಯ ಯಾರು ಗೊತ್ತೇ? ಯಾವುದೋ ಶೇಖ್ ಎಂದುಕೊಂಡರೆ ತಪ್ಪಾಯಿತು. ನಮ್ಮ ಮಾಮ! ಅಮ್ಮನ ಅಣ್ಣ, ಕಿನ್ನಿಗೋಳಿಯ ಫೆರ್ನಾಂಡಿಸ್. ಮದುವೆಯಿಲ್ಲ, ಮಕ್ಕಳಿಲ್ಲ. ಬಿನ್ ಮಹಮೂದ್ ಬಡಾವಣೆಯ ಹಳೆಯ ಕಟ್ಟಡದಲ್ಲಿ ಉಳ್ಳಾಲದ ಗೆಳೆಯ ಹಮೀದಾಕನ ಜೊತೆ ಒಂದೇ ಕೋಣೆ ಹಂಚಿಕೊಂಡು ಗಲ್ಫಿನ ಬದುಕು ಕಳೆದವರು. ಆದರೂ ಅವರ ನೆಂಟರು ಸೂಪರ್ ಮಾರ್ಕೆಟ್ಟಿನಲ್ಲಿ, ಆಸ್ಪತ್ರೆಯಲ್ಲಿ, ಕಾಫಿ ಅಂಗಡಿಯಲ್ಲಿ, ವಿಮಾನ ನಿಲ್ದಾಣದಲ್ಲಿ, ಎಲ್ಲೆಲ್ಲೂ ಇದ್ದರು. ಗುರುತು ಹಿಡಿಯುವುದು ಸುಲಭ. ಎದೆಯ ಮೇಲೆ ಬ್ಯಾಡ್ಜಿರಬೇಕು, ಬ್ಯಾಡ್ಜಿನ ಮೇಲೆ 'ಫೆರ್ನಾಂಡಿಸ್' ಎಂದಿರಬೇಕು. ಅಷ್ಟಾದರೆ ಮುಗಿಯಿತು, ರಕ್ತಸಂಬಂಧ!

ಮಾಮನ ವಂಶಪುರಾಣ ಇಷ್ಟೇ. ಬಹಳ ಹಿಂದೆ ಸ್ಪೇನ್ ದೇಶದಲ್ಲಿ ಫೆರ್ನಾಂಡೊ ಎಂಬ ಪುಣ್ಯಾತ್ಮನಿದ್ದ. ಅವನ ಮಗ ಫೆರ್ನಾಂಡಿಸ್. ಆ ಹೆಸರಿನ ಅರ್ಥವೇ ಫೆರ್ನಾಂಡೊನ ಮಗ ಎಂದು. (ಅರ್ಥದ ಮಟ್ಟಿಗೆ ಮಾಮ ಹೇಳಿದ್ದು ಸರಿ, ನಾನೂ ವಿಚಾರಿಸಿದ್ದೇನೆ.) ಮುಂದಿನದೆಲ್ಲ ಮಾಮನ ಸ್ವಂತ ಸಂಶೋಧನೆ. ಆ ಮಗನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಸ್ಪೇನಿನವರ ಹಡಗು ಹತ್ತಿ ಫಿಲಿಪ್ಪೀನ್ಸಿಗೆ ಹೋದ. ಚಿಕ್ಕವನು ಪಕ್ಕದ ಪೋರ್ಚುಗೀಸರ ಹಡಗು ಹತ್ತಿ ಗೋವಾಕ್ಕೆ ಬಂದ, ಅಲ್ಲಿಂದ ಕಾಲ್ನಡಿಗೆಯಲ್ಲಿ ನಮ್ಮ ಕಿನ್ನಿಗೋಳಿಗೆ ತಲುಪಿದ. ಅಗಲಿದ ಆ ಅಣ್ಣತಮ್ಮಂದಿರ ಮಕ್ಕಳು ದೋಹಾದಲ್ಲಿ ಮತ್ತೆ ಸೇರಬೇಕೆಂಬುದು ದೇವರ ಚಿತ್ತ!

"ಮಾಮಾ, ಗೋವಾದಲ್ಲಿ ಜ್ಞಾನಸ್ನಾನ ಕೊಡುವಾಗ ಪಾದ್ರಿಗಳು ಇಟ್ಟ ಹೆಸರಲ್ವಾ ಅದು? ಅದಕ್ಕಿಂತ ಮೊದಲು ನಾವು ಪ್ರಭುವೋ ಕಾಮತ್ತೋ ಏನೋ ಆಗಿದ್ದವರು," ಎಂದೆ ಒಮ್ಮೆ. ನಾನೂ ದೋಹಾದಲ್ಲೇ ಇರುವವಳು, ಆಗಾಗ ಅವರ ಕೋಣೆಗೆ ಹೋಗುತ್ತಿದ್ದೆ.

"ಹೆಸರು ಕೊಟ್ಟವನೇ ಅಪ್ಪ ಬಾಯೆ. ಮತ್ತೆ ಎಂತ ಬೇಕು ನಿಂಗೆ?" ಎಂದರು ಮಾಮ. ಅವರ ಬಾಯಲ್ಲಿ ನಾನು ಯಾವಾಗಲೂ 'ಬಾಯೆ', ಅಂದರೆ ಹುಡುಗಿ.

ಹಮೀದಾಕ ಚಹಾ ಸೋಸುತ್ತಲೇ ಬಾಯಿ ಹಾಕಿದರು. "ಎಂತ ಮಾರ್ರೆ, ನಾನೂ ಹೀಗೇ ಹಮೀದ್ ಹೆಸರಿನವರೆಲ್ಲ ನಮ್ಮವರು ಅಂತ ಊಟಕ್ಕೆ ಕರೆದ್ರೆ ಈ ಬಿಲ್ಡಿಂಗ್ ಕುಸಿದು ಬೀಳ್ತದೆ!"

ನಮ್ಮ ಕಡೆಯ ಕ್ರೈಸ್ತರು ಇಬ್ಬರು ಎಲ್ಲಿ ಭೇಟಿಯಾದರೂ ಮೊದಲು ಕೇಳಿಕೊಳ್ಳುವುದು ಎರಡೇ ಪ್ರಶ್ನೆ: ಯಾವ ಇಗರ್ಜಿ (ಊರಿನ ಚರ್ಚು)? ಯಾರ ಮನೆ? ಎರಡಕ್ಕೂ ಉತ್ತರ ಸಿಕ್ಕಿದರೆ ಮೂರನೆಯ ನಿಮಿಷಕ್ಕೆ ಇಬ್ಬರೂ ನೆಂಟರಾಗಿರುತ್ತಾರೆ. ಊರಿನಲ್ಲಿ ಇದು ಸರಿ. ಮದೀನತ್ ಖಲೀಫಾದ ಸೂಪರ್ ಮಾರ್ಕೆಟ್ಟಿನಲ್ಲಿ, ಶುಕ್ರವಾರದ ರಜೆಯ ಜನಜಂಗುಳಿಯಲ್ಲಿ, ಬಿಲ್ ಮಾಡುತ್ತಿರುವ ಫಿಲಿಪ್ಪೀನ್ಸಿನ ಹುಡುಗಿಗೆ ಕೇಳಿದರೆ?

"ಯು ಆಲ್ಸೋ ಫೆರ್ನಾಂಡಿಸ್? ಐ ಆಲ್ಸೋ! ವಿಚ್ ಪ್ಯಾರಿಷ್?"

ಹುಡುಗಿ ಗಾಬರಿಯಲ್ಲಿ ತನ್ನ ಊರಿನ ಇಗರ್ಜಿಯ ಹೆಸರು ಹೇಳಿಯೇ ಬಿಟ್ಟಳು. ಅದೂ ಸಮುದ್ರದ ಬದಿಯ ಊರಂತೆ, ಅಲ್ಲೂ ತೆಂಗಿನ ಮರಗಳಂತೆ. "ನೋಡಿದ್ಯಾ!" ಎಂದು ಮಾಮ ನನ್ನತ್ತ ತಿರುಗಿದರು. ಹಿಂದೆ ಸಾಲು ಬಾಗಿಲವರೆಗೆ ಬೆಳೆದಿತ್ತು. ಯಾರೋ ಒಬ್ಬರು ಕರಗಿದ ಐಸ್‌ಕ್ರೀಮನ್ನು ಎತ್ತಿ ತೋರಿಸಿ, "ಭಾಯಿಸಾಬ್, ಇದನ್ನೂ ನಿಮ್ಮ ನೆಂಟರಿಗೇ ಕುಡಿಸಿ," ಎಂದರು. ಮಾಮ ಅವರ ಬ್ಯಾಡ್ಜಿಗಾಗಿ ಹುಡುಕಿದರು. ಇರಲಿಲ್ಲ.

ಕ್ಲಿನಿಕ್ಕಿನ ಕಥೆ ಇನ್ನೂ ಚಂದ. "ಮಿಸ್ಟರ್ ಫೆರ್ನಾಂಡಿಸ್" ಎಂದು ಕರೆದಾಗ ಎದ್ದು ನಿಂತವರು ಹಲವರು. ಒಳಗೆ ನುಗ್ಗಿದವರು ಮಾಮ. ಮೊಣಕಾಲು ನೋವಿಗೆ ಹೋದವರು ಕಿವಿ ತೊಳೆಸಿಕೊಂಡು ಬಂದರು! "ಬೇರೆಯವರ ಸರದಿ ಅಂತ ಹೇಳಬಾರದಿತ್ತಾ ಮಾಮಾ?" ಎಂದರೆ, "ಬೇರೆಯವರು ಹೇಗಾಗ್ತಾರೆ?" ಎಂದು ನನಗೇ ತಿರುಗಿಸಿ ಕೇಳಿದರು. ಕಿವಿ ಮಾತ್ರ ಆಮೇಲೆ ಚುರುಕಾಯಿತು ಎನ್ನಿ.

ನಕ್ಕು ನಕ್ಕು ಸಾಕಾದ ಮೇಲೆ ಒಂದು ದಿನ ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅಮ್ಮ ನಗಲಿಲ್ಲ, ಹಳೆಯ ಕಥೆ ತೆಗೆದಳು. ಅಜ್ಜ ಬೇಗ ತೀರಿಕೊಂಡರು. ಮೂವರು ತಂಗಿಯರ ಮದುವೆ ಮಾಡಿದವರು ಮಾಮನೇ. ನಮ್ಮಲ್ಲಿ ಮದುವೆಯ ಕೊನೆಗೆ ಹೆಣ್ಣನ್ನು ಒಪ್ಪಿಸಿಕೊಡುವ ಶಾಸ್ತ್ರವಿದೆ. ಮನೆಯ ಹಿರಿಯ ಮದುಮಗಳ ಕೈ ಹಿಡಿದು ಗಂಡಿನ ಕಡೆಯವರಿಗೆ ಒಪ್ಪಿಸಬೇಕು. ಪ್ರತಿ ಸಲವೂ ಗಲ್ಫಿನಿಂದ ರಜೆ ಹಾಕಿ ಬಂದು, ಒಬ್ಬೊಬ್ಬಳ ಕೈ ಹಿಡಿದು ಕೊಟ್ಟು, ಮರಳಿ ವಿಮಾನ ಹತ್ತಿದರು. ಒಬ್ಬಳು ಲೋಬೊ ಆದಳು, ಒಬ್ಬಳು ಡಿಸೋಜ, ಒಬ್ಬಳು ಸಲ್ಡಾನ. "ನಮ್ಮ ಮನೆಯ ಹೆಸರಿಗೆ ಉಳಿದದ್ದು ಅವನೊಬ್ಬನೇ," ಎಂದಳು ಅಮ್ಮ. ಮಾಮನಿಗೆ ಬೇಕಾದದ್ದು ಸ್ಪೇನೂ ಅಲ್ಲ, ಪುರಾಣವೂ ಅಲ್ಲ, ಮನೆಯ ಹೆಸರು ಹೊತ್ತ ಇನ್ನೊಂದು ಜೀವ ಎಂದು ನನಗೆ ಹೊಳೆದದ್ದು ಆಗ.

ಬಿಲ್ ಮಾಡುತ್ತಿದ್ದ ಹುಡುಗಿಯ ಹೆಸರು ಮರಿಸೆಲ್. ಶುಕ್ರವಾರ ಇಗರ್ಜಿಯ ಪೂಜೆ ಮುಗಿಸಿ ಮಾಮನ ಕೋಣೆಗೆ ಬಂದು ಹಮೀದಾಕನ ಕೋಳಿ ಸಾರು ಉಣ್ಣುವಷ್ಟು ಹತ್ತಿರವಾದಳು. ಮಾಮನನ್ನು 'ಟೀಟೊ' ಎನ್ನುತ್ತಿದ್ದಳು. ಅವರ ಕಡೆ ಮಾವಂದಿರನ್ನು ಕರೆಯುವುದು ಹಾಗೆ. ಅಪ್ಪನಿಲ್ಲದ ಹುಡುಗಿ. ಎ.ಸಿ. ರಿಪೇರಿ ಮಾಡುವ ತನ್ನೂರಿನ ರೇಯಿಸ್ ಎಂಬ ಹುಡುಗನ ಜೊತೆ ದೋಹಾದಲ್ಲೇ ಮದುವೆ ನಿಶ್ಚಯವಾಯಿತು. ಊರಿನಿಂದ ಯಾರೂ ಬರುವ ಹಾಗಿರಲಿಲ್ಲ.

"ಯಾರೂ ಇಲ್ಲ ಅಂದ್ರೆ? ನಾನು ಸತ್ತಿದ್ದೇನಾ?" ಎಂದರು ಮಾಮ.

ಮುನ್ನಾದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ನಮ್ಮ ರೋಸ್ ಶಾಸ್ತ್ರವನ್ನು ಡಬ್ಬಿಯ ಹಾಲಿನಲ್ಲೇ ಮುಗಿಸಿದರು. ಮದುವೆಯ ದಿನ, ಹೋಟೆಲಿನ ಸಣ್ಣ ಸಭಾಂಗಣದಲ್ಲಿ, ಊಟವಾದ ಮೇಲೆ ಮಾಮ ಮರಿಸೆಲಳ ಕೈ ಹಿಡಿದು ನಡುವೆ ನಿಂತರು. "ನಮ್ಮ ಮನೆಯ ಮಗಳನ್ನು ನಿಮಗೆ ಒಪ್ಪಿಸ್ತಾ ಇದ್ದೇವೆ. ಮಗಳ ಹಾಗೆ ನೋಡಿಕೊಳ್ಳಿ," ಎಂದು ಅಪ್ಪಟ ಕೊಂಕಣಿಯಲ್ಲಿ ಹೇಳಿದರು. ಸ್ವೀಕರಿಸಲು ಗಂಡಿನ ಕಡೆಯ ಹಿರಿಯರು ಬೇಕಲ್ಲ? ಇದ್ದವರು ರೂಮ್‌ಮೇಟ್ ಹುಡುಗರು, ಮಿಕಮಿಕ ನೋಡಿದರು. ಮಾಮ ಅದೇ ಮಾತನ್ನು ಅಳುತ್ತಲೇ ಮತ್ತೊಮ್ಮೆ ಹೇಳಿದರು. ಆಗ ಹಮೀದಾಕ ತಟ್ಟೆ ಕೆಳಗಿಟ್ಟು, ಕೈ ಒರೆಸಿಕೊಂಡು, ಗಂಡಿನ ಪಕ್ಕಕ್ಕೆ ಹೋಗಿ ನಿಂತರು.

"ಆಯ್ತು ಮಾರ್ರೆ, ನಾವು ಒಪ್ಪಿಕೊಂಡೆವು! ಖಲಾಸ್! ಇನ್ನು ಅಳಬೇಡಿ."

ಸಭಾಂಗಣಕ್ಕೆ ಸಭಾಂಗಣವೇ ಚಪ್ಪಾಳೆ ತಟ್ಟಿತು. ಮಾಮ ಮಾತ್ರ ಮೂಲೆಯ ಕುರ್ಚಿಗೆ ಹೋಗಿ ಕೂತರು. "ಇವಳೂ ಹೋದ್ಳು ಬಾಯೆ," ಎಂದರು ನನ್ನ ಬಳಿ. "ನಾನು ಕೈ ಹಿಡಿದು ಕೊಟ್ಟ ಮೇಲೆ ಒಬ್ಬಳೂ ಫೆರ್ನಾಂಡಿಸ್ ಆಗಿ ಉಳಿಯಲಿಲ್ಲ."

ಟೀಟೊ ಏನೆಂದರು ಎಂದು ಮರಿಸೆಲ್ ಕೇಳಿದಳು. ಹೇಳಿದೆ. ಅವಳು ಬಿಳಿ ಗೌನನ್ನು ಎತ್ತಿ ಹಿಡಿದು ಮಾಮನ ಮುಂದೆ ಮಂಡಿಯೂರಿ ಕೂತಳು. ತಮ್ಮ ದೇಶದಲ್ಲಿ ತಾಯಿಯ ಮನೆಯ ಹೆಸರು ಕಳೆದುಹೋಗುವುದಿಲ್ಲ, ಮಗುವಿನ ಹೆಸರಿನ ನಡುವೆ ಅದನ್ನು ಬರೆದೇ ಬರೆಯುತ್ತಾರೆ ಎಂದಳು. ಅಪ್ಪನ ಹೆಸರು ಕೊನೆಗೆ, ಅಮ್ಮನದು ನಡುವಿಗೆ.

"ಎಲ್ಲ ಮಕ್ಕಳಿಗೂ?"

"ಎಲ್ಲ ಮಕ್ಕಳಿಗೂ, ಟೀಟೊ."

ಮಾಮ ಕಣ್ಣೊರೆಸಿಕೊಂಡು ಎದ್ದು ನೇರವಾಗಿ ಮದುಮಗನ ಬಳಿ ಹೋದರು. "ನಿಂಗೆ ಎಷ್ಟು ಮಕ್ಕಳು ಬೇಕು ಅಂತ ಉಂಟು?"

ಮದುವೆಯಾಗಿ ಕೆಲವು ತಿಂಗಳಿಗೆ ಕಂಪೆನಿ ಮಾಮನ ವೀಸಾ ಮುಗಿಸಿತು, ಮಾಮ ಊರಿಗೆ ಹೋದರು. ಕೋಣೆಯಲ್ಲಿ ಹಮೀದಾಕನ ಜೊತೆ ಈಗ ಬೇರೆ ಯಾರೋ ಇದ್ದಾರೆ. ಆ ರಸ್ತೆಯಲ್ಲಿ ಹೋಗುವಾಗ ನಾನು ಕಿಟಕಿಯತ್ತ ನೋಡುವುದಿಲ್ಲ. ಮಾಮ ಶುಕ್ರವಾರ ತಪ್ಪದೆ ಫೋನ್ ಮಾಡುತ್ತಾರೆ. "ಇವತ್ತು ಯಾರು ಸಿಕ್ಕಿದ್ರು?" ಎಂಬುದೇ ಮೊದಲ ಪ್ರಶ್ನೆ. "ಇಲ್ಲಿ ಕಲ್ಲೆಸೆದ್ರೆ ಫೆರ್ನಾಂಡಿಸನಿಗೇ ಬೀಳ್ತದೆ ಬಾಯೆ. ಆದ್ರೆ 'ಓ, ನೀವೂನಾ?' ಅಂತ ಖುಷಿಯಲ್ಲಿ ಕೇಳುವವ ಒಬ್ಬನಿಲ್ಲ." ಮರಳುಗಾಡಿನಲ್ಲಿದ್ದಾಗ ಊರಿಗಾಗಿ ಹಂಬಲಿಸಿದವರು ಊರಿನಲ್ಲಿ ಕೂತು ದೋಹಾಕ್ಕಾಗಿ ಹಂಬಲಿಸುತ್ತಾರೆ! ನನಗೂ ಅವರಿಲ್ಲದ ದೋಹಾ ಹಿಡಿಸುತ್ತಿಲ್ಲ.

ಮೊನ್ನೆ ಅದೇ ಸೂಪರ್ ಮಾರ್ಕೆಟ್ಟಿಗೆ ಹೋಗಿದ್ದೆ. ಮರಿಸೆಲ್ ಹೆರಿಗೆಗೆ ಊರಿಗೆ ಹೋಗಿದ್ದಾಳೆ. ಅವಳ ಜಾಗದಲ್ಲಿ ಅವಳ ದೇಶದವಳೇ ಹೊಸ ಹುಡುಗಿ. ಎದೆಯ ಮೇಲೆ ಬ್ಯಾಡ್ಜ್, ಬ್ಯಾಡ್ಜಿನ ಮೇಲೆ ಅದೇ ಹೆಸರು. ಹಿಂದೆ ಉದ್ದನೆಯ ಸಾಲಿತ್ತು. ಕಾರ್ಡ್ ಕೊಟ್ಟು ಸುಮ್ಮನೆ ಹೊರಡಬೇಕಿತ್ತು. ಬಾಯಿ ಕೇಳಬೇಕಲ್ಲ!

"ಯಾವ ಇಗರ್ಜಿ ನಿಂದು?" ಎಂದು ಕೇಳಿಯೇಬಿಟ್ಟೆ.

ಹುಡುಗಿ ಕಣ್ಣರಳಿಸಿ ನನ್ನನ್ನೂ ತನ್ನ ಬ್ಯಾಡ್ಜನ್ನೂ ನೋಡಿದಳು. "ಮೇಡಂ, ನೀವೂ ಫೆರ್ನಾಂಡಿಸಾ?"

ನನ್ನ ಅಪ್ಪ ಲೋಬೊ, ಗಂಡ ಪಿಂಟೊ. ಕೈಯಲ್ಲಿದ್ದ ಕಾರ್ಡಿನಲ್ಲಿ ಅಮ್ಮನ ಮನೆಯ ಹೆಸರನ್ನು ಯಾರೂ ಎಲ್ಲೂ ಬರೆದಿರಲಿಲ್ಲ.

"ಹೌದು," ಎಂದೆ. "ನಡುವಿನಲ್ಲಿ."